ಅಳತೆಗೋಲಿನ ಕೆಳಗೆ ಸಾನ್ ಜನ

ದಕ್ಷಿಣ ಆಫ್ರಿಕಾದಲ್ಲಿ, ಕಲಹಾರಿ ಮರುಭೂಮಿಯ ಆಸುಪಾಸಿನಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬಾಳಿದ ಜನರನ್ನು ಇಂದು ‘ಸಾನ್’ ಎನ್ನುತ್ತೇವೆ. ಈ ಹೆಸರೂ ಅವರದಲ್ಲ. ದನ ಸಾಕುತ್ತಿದ್ದ ನೆರೆಯ ಖೊಯ್‌ಖೊಯ್ ಜನರು ದನವಿಲ್ಲದವರನ್ನು ತುಸು ಹಗುರವಾಗಿ ಕರೆದ ಮಾತದು. ತಮ್ಮನ್ನು ಅವರು ಜುಹ್ವಾನ್ಸಿ, ನಾರೊ, ಖೊಮಾನಿ ಎಂದು ಬೇರೆಬೇರೆಯಾಗಿಯೇ ಹೇಳಿಕೊಳ್ಳುತ್ತಾರೆ. ಅವರ ನುಡಿಗಳು ಕೂಡ ಒಂದೇ ಭಾಷಾವರ್ಗಕ್ಕೆ ಸೇರಿದವಲ್ಲ. ಆದರೂ ಐರೋಪ್ಯ ಮಾನವಶಾಸ್ತ್ರವು ಇವರೆಲ್ಲರನ್ನೂ ಒಂದೇ ‘ದೇಹಮಾದರಿ’ಯೊಳಗೆ ಕೂಡಿಹಾಕಿತು. ಕುಳ್ಳು ನಿಲುವು, ಹಳದಿ ಬೆರೆತ ಕಂದು ಮೈಬಣ್ಣ, ಮೆಣಸಿನ ಕಾಳಿನಂತೆ ಸುರುಳಿಗಟ್ಟಿದ ಕೂದಲು, ಕಣ್ಣರೆಪ್ಪೆಯ ಮಡಿಕೆ, ಹೆಂಗಸರ ನಿತಂಬದಲ್ಲಿ ಸೇರುವ ಕೊಬ್ಬು ಆ ಮಾದರಿಯ ಲಕ್ಷಣಗಳೆನಿಸಿದವು.

ಲಕ್ಷಣವನ್ನು ಕಂಡು ಹೆಸರಿಟ್ಟರೋ, ಹೆಸರಿಟ್ಟು ಲಕ್ಷಣವನ್ನು ಹುಡುಕಿದರೋ ಎಂಬುದನ್ನು ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳ ಕಥೆಯಿಂದಲೇ ತಿಳಿಯಬಹುದು. 1810ರಲ್ಲಿ ಆಕೆಯನ್ನು ಲಂಡನ್ನಿಗೆ ಒಯ್ದು, ನೋಡಬಂದವರಿಂದ ಹಣ ಪಡೆದು ಪ್ರದರ್ಶಿಸಿದರು. 1815ರ ಕೊನೆಯಲ್ಲಿ ಆಕೆ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ಪ್ರಸಿದ್ಧ ಜೀವವಿಜ್ಞಾನಿ ಜಾರ್ಜ್ ಕುವ್ಯೇ ಶವವನ್ನು ಕೊಯ್ದು ಪರೀಕ್ಷಿಸಿ 1817ರಲ್ಲಿ ವರದಿ ಪ್ರಕಟಿಸಿದ. ಆಕೆ ಖೊಯ್‌ಖೊಯ್ ಕುಲದವಳು. ಆತ ಮಾತ್ರ ಬುಷ್‌ಮನ್ ಹೆಣ್ಣೆಂದು ತೀರ್ಮಾನಿಸಿದ. ಅದೇ ವರದಿಯಲ್ಲಿ ಆಕೆಯ ಜ್ಞಾಪಕಶಕ್ತಿ ಚೆನ್ನಾಗಿತ್ತೆಂದೂ, ಡಚ್ ಭಾಷೆಯನ್ನು ತಕ್ಕಮಟ್ಟಿಗೆ ಆಡುತ್ತಿದ್ದಳೆಂದೂ ಒಪ್ಪಿಕೊಂಡವನು ಆಕೆಯ ಚಲನವಲನಕ್ಕೆ ಮಂಗನ ಹೋಲಿಕೆಯನ್ನು ಕೊಟ್ಟ. ಕಣ್ಣು ಕಂಡದ್ದನ್ನು ಸಿದ್ಧಾಂತ ಅಳಿಸಿಹಾಕುವ ಬಗೆ ಇದು. ಆಕೆಯ ಅವಶೇಷಗಳು ತಾಯ್ನಾಡಿನ ಮಣ್ಣು ಸೇರಿದ್ದು 2002ರಲ್ಲಿ.

ಆಮೇಲಿನದು ಅಳತೆಗಳ ಕಾಲ. ತಲೆಯ ಅಗಲ, ಮೂಗಿನ ಉದ್ದ, ಚರ್ಮದ ಬಣ್ಣ ಎಲ್ಲವೂ ಅಂಕಿಗಳಾದವು. ನೀಲಗಿರಿಯ ನಮ್ಮ ಓದುಗರಿಗೆ ಈ ಉಪಕರಣಗಳ ಪರಿಚಯ ಇರಲೇಬೇಕು: 1890ರ ದಶಕದಲ್ಲಿ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ತೋಡ, ಕೋತ, ಬಡಗರ ತಲೆ-ಮೂಗುಗಳನ್ನು ಅಳೆದದ್ದೂ ಇಂಥವುಗಳಿಂದಲೇ. ಕಲಹಾರಿಯಲ್ಲಿ ಬದುಕಿದ್ದವರನ್ನು ಅಳೆದುದಷ್ಟೇ ಸಾಲಲಿಲ್ಲ. ಆಸ್ಟ್ರಿಯಾದ ರುಡಾಲ್ಫ್ ಪೋಖ್ 1907ರಿಂದ 1909ರವರೆಗೆ ನಡೆಸಿದ ಸಂಗ್ರಹಯಾತ್ರೆಗಾಗಿ ಗೋರಿಗಳನ್ನೇ ಅಗೆಯಲಾಯಿತು. ಹಾಗೆ ವಿಯೆನ್ನಾಕ್ಕೆ ಹೋದ ಕ್ಲಾಸ್ ಮತ್ತು ಟ್ರೂಯಿ ಪೀನಾರ್ ದಂಪತಿಗಳ ದೇಹಗಳನ್ನು ಶವಪೆಟ್ಟಿಗೆಯಲ್ಲಿಟ್ಟು ತಂದು ಕುರುಮಾನಿನಲ್ಲಿ ಮಣ್ಣು ಮಾಡಿದ್ದು 2012ರಲ್ಲಿ.

ಜರ್ಮನಿಯ ಲಿಯೊನ್‌ಹಾರ್ಡ್ ಶುಲ್ಟ್ಸೆ 1928ರಲ್ಲಿ ಖೊಯ್‌ಖೊಯ್ ಮತ್ತು ಸಾನ್ ಎರಡನ್ನೂ ಬೆಸೆದು ‘ಖೊಯ್‌ಸಾನ್’ ಎಂಬ ಪದವನ್ನು ಟಂಕಿಸಿದ. ಅದು ಮೊದಲಿಗೆ ದೇಹವರ್ಗದ ಹೆಸರು. ಭಾಷಾಶಾಸ್ತ್ರಕ್ಕೆ ಬಂದದ್ದು ಆನಂತರ. ಆದರೆ ಮಾದರಿ ಬಹುಕಾಲ ನಿಲ್ಲಲಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಫಿಲಿಪ್ ಟೋಬಿಯಾಸ್ ಹಿಂದಿನ ಅಳತೆಗಳನ್ನೂ ಹೊಸವನ್ನೂ ಹೋಲಿಸಿ, ಸಾನ್ ಜನರ ಎತ್ತರ ಹೆಚ್ಚುತ್ತಿರುವುದನ್ನು ತೋರಿಸಿದ. ಜನಾಂಗದ ಗುರುತೆಂದು ಬರೆದಿಟ್ಟ ಕುಳ್ಳುತನದಲ್ಲಿ ಅನ್ನದ ಕೊರತೆಯ ಪಾಲೂ ಇತ್ತು.

2010ರಲ್ಲಿ ವಂಶವಾಹಿಗಳ ಸಂಪೂರ್ಣ ಓದು ಪ್ರಕಟವಾದಾಗ, ಇಬ್ಬರು ಸಾನ್ ವ್ಯಕ್ತಿಗಳ ನಡುವಿನ ಭೇದವು ಒಬ್ಬ ಯುರೋಪಿಯನ್ ಮತ್ತು ಒಬ್ಬ ಏಷ್ಯನ್ನನ ನಡುವಿನದಕ್ಕಿಂತ ಸರಾಸರಿಯಲ್ಲಿ ಹೆಚ್ಚೆಂದು ಕಂಡುಬಂತು. ಆದರೆ ಆ ಸಂಶೋಧನೆಯೂ ತಮ್ಮನ್ನು ಕೇಳದೆ ನಡೆಯಿತೆಂದು ಸಮುದಾಯದ ಮುಖಂಡರು ಆಕ್ಷೇಪಿಸಿದರು. 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಜನರು ಸಂಶೋಧಕರಿಗೆಂದು ತಮ್ಮದೇ ನೀತಿಸಂಹಿತೆಯನ್ನು ಹೊರಡಿಸಿದರು. ಅವರ ಮಧ್ಯೆ ಕೆಲಸ ಮಾಡಬಯಸುವವರು ಈಗ ಮೊದಲು ಅದನ್ನು ಓದಿ, ಸಮುದಾಯದ ಒಪ್ಪಿಗೆ ಪಡೆಯಬೇಕು.