ಹಿಗ್ಗುವ ವಿಶ್ವವೂ ಹಿಗ್ಗದ ಅಳತೆಗೋಲೂ

1980ನೆಯ ಇಸವಿ ಫೆಬ್ರುವರಿ 16ರಂದು ಅಪರಾಹ್ನ ಹುಬ್ಬಳ್ಳಿಯ ಮೇಲೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಕತ್ತಲೆ ಕವಿದಿತ್ತು. ಅಂಕೋಲೆಯ ಕಡಲತೀರದಿಂದ ಗದಗು, ರಾಯಚೂರುಗಳ ಕಡೆಗೆ ಸಾಗಿದ ಚಂದ್ರನ ನೆರಳು ಈ ಪ್ರಾಂತವನ್ನು ಹಾದುಹೋಯಿತು. ಇಂಥ ಖಗ್ರಾಸ ಗ್ರಹಣವಾಗಬೇಕಾದರೆ ಸೂರ್ಯ, ಚಂದ್ರರ ಬಿಂಬಗಳು ತೋರಿಕೆಗೆ ಹೆಚ್ಚು ಕಡಿಮೆ ಸಮವಾಗಿರಬೇಕು. ಆದರೆ ಚಂದ್ರನು ಪ್ರತಿ ವರ್ಷ ಸುಮಾರು 3.8 ಸೆಂಟಿಮೀಟರಿನಷ್ಟು ಭೂಮಿಯಿಂದ ದೂರ ಸರಿಯುತ್ತಿದ್ದಾನೆ. ಸುಮಾರು ಅರವತ್ತು ಕೋಟಿ ವರ್ಷಗಳ ತರುವಾಯ ಭೂಮಿಯಲ್ಲಿ ಖಗ್ರಾಸ ಗ್ರಹಣವೇ ಕಾಣಸಿಗದು.

“ವಿಶ್ವವೇ ಹಿಗ್ಗುತ್ತಿರುವಾಗ ಚಂದ್ರನು ದೂರ ಸರಿಯುವುದರಲ್ಲಿ ಆಶ್ಚರ್ಯವೇನು?” ಎಂದು ಕೇಳುವವರುಂಟು. ಈ ಮಾತು ಕೇಳಲು ಯುಕ್ತವೆನಿಸಿದರೂ ಸತ್ಯವಲ್ಲ. ವಿಶ್ವದ ಹಿಗ್ಗುವಿಕೆ ಯಾವುದಕ್ಕೆ ತಟ್ಟುತ್ತದೆ, ಯಾವುದಕ್ಕೆ ತಟ್ಟುವುದಿಲ್ಲ ಎಂಬುದನ್ನು ಅರಿಯಲು ಆ ಜ್ಞಾನದ ಇತಿಹಾಸವನ್ನೇ ನೋಡುವುದು ಒಳ್ಳೆಯದು.

ಆ ಇತಿಹಾಸದ ಒಂದು ಎಳೆ ನಮ್ಮ ನಾಡಿನಲ್ಲಿಯೇ ಇದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ಜಮಖಂಡಿಗೆ ಬಂದಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನಾತ. ಬೆಳಕನ್ನು ಬಣ್ಣಬಣ್ಣಗಳಾಗಿ ಬೇರ್ಪಡಿಸುವ ರೋಹಿತದರ್ಶಕದ ಮೂಲಕ ಆತನು ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಉಜ್ವಲವಾದ ಗೆರೆಗಳನ್ನು ಕಂಡನು. ಜ್ವಾಲೆಗಳು ಕಾದ ಅನಿಲದಿಂದಾದವು ಎಂಬುದು ಇದರಿಂದ ನಿಶ್ಚಯವಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಹಗಿನ್ಸ್ ಇಂಥ ಉಪಕರಣದಿಂದಲೇ ಲುಬ್ಧಕ ನಕ್ಷತ್ರದ ವೇಗವನ್ನು ಅಳೆಯಲು ಯತ್ನಿಸಿದನು. ದೂರ ಸರಿಯುವ ವಸ್ತುವಿನ ಗೆರೆಗಳು ಕೆಂಪಿನ ಕಡೆಗೂ ಸಮೀಪಿಸುವ ವಸ್ತುವಿನ ಗೆರೆಗಳು ನೀಲಿಯ ಕಡೆಗೂ ಜರಗುತ್ತವೆ ಎಂಬುದೇ ಅದರ ತತ್ತ್ವ.

1912ರಲ್ಲಿ ಅಮೇರಿಕೆಯ ಲೋವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ ಈ ವಿಧಾನವನ್ನು ದೂರದ ನೀಹಾರಿಕೆಗಳಿಗೆ ಅನ್ವಯಿಸತೊಡಗಿದನು. ಅವುಗಳಲ್ಲಿ ಬಹುತೇಕ ದೂರ ಓಡುತ್ತಿದ್ದವು. ಅವು ನಮ್ಮ ಆಕಾಶಗಂಗೆಯಂತೆಯೇ ಕೋಟ್ಯಂತರ ನಕ್ಷತ್ರಗಳ ಮಹಾಸಮೂಹಗಳು, ಅಂದರೆ ಗೆಲಾಕ್ಸಿಗಳು, ಎಂಬುದು ಮುಂದೆ ತಿಳಿಯಿತು. ರಷ್ಯದ ಫ್ರೀಡ್‌ಮನ್ 1922ರಲ್ಲಿ, ಬೆಲ್ಜಿಯಂದ ಲಮೇತ್ರ್ 1927ರಲ್ಲಿ ಹಿಗ್ಗುವ ವಿಶ್ವದ ಗಣಿತವನ್ನು ಬರೆದರು. 1929ರಲ್ಲಿ ಎಡ್ವಿನ್ ಹಬಲ್, ಗೆಲಾಕ್ಸಿ ಎಷ್ಟು ದೂರವೋ ಅದು ಸರಿಯುವ ವೇಗ ಅಷ್ಟು ಹೆಚ್ಚು ಎಂಬ ನಿಯಮವನ್ನು ಪ್ರಕಟಿಸಿದನು. ಇಂದಿನ ಗಣನೆಯಂತೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರಿನಂತೆ ವೇಗ ಏರುತ್ತದೆ.

ಹಾಗಾದರೆ ಗ್ರಹಗಳೂ ಮನೆಗಳೂ ಮನುಷ್ಯರೂ ಹಿಗ್ಗುತ್ತಿರಬೇಕಲ್ಲವೆ? ಈ ಪ್ರಮಾಣವನ್ನು ಹುಬ್ಬಳ್ಳಿ-ಧಾರವಾಡಗಳ ನಡುವಿನ ಸುಮಾರು 20 ಕಿಲೋಮೀಟರ್ ಹಾದಿಗೆ ಹಚ್ಚಿ ಲೆಕ್ಕ ಹಾಕಿದರೆ ವರ್ಷಕ್ಕೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು ಬರುತ್ತದೆ. ಐವತ್ತು ವರ್ಷ ಕಳೆದರೆ ಒಂದು ಕೂದಲೆಳೆಯ ದಪ್ಪ! ಆದರೆ ಈ ಅಲ್ಪ ವೃದ್ಧಿಯೂ ನಡೆಯುವುದಿಲ್ಲ. ನೆಲವನ್ನೂ ಕಲ್ಲನ್ನೂ ಪರಮಾಣುಗಳ ನಡುವಿನ ವಿದ್ಯುತ್ ಬಲಗಳು ಬಿಗಿಹಿಡಿದಿವೆ. ಕಲ್ಲಿನ ಗಾತ್ರವನ್ನು ನಿರ್ಣಯಿಸುವವು ಆ ಬಲಗಳೇ ಹೊರತು ವಿಶ್ವದ ವಯಸ್ಸಲ್ಲ. ಇನ್ನೂ ಒಂದು ಮಾತು: ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ಅಳತೆಗೋಲೂ ಹಿಗ್ಗುತ್ತಿತ್ತು, ಆಗ ಹಿಗ್ಗುವಿಕೆಯೆಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಗ್ರಹಗಳ ವಿಷಯದಲ್ಲಿ ಬಿಗಿಹಿಡಿಯುವುದು ಗುರುತ್ವಾಕರ್ಷಣೆ. 1945ರಲ್ಲಿ ಐನ್‌ಸ್ಟೈನ್ ಮತ್ತು ಅರ್ನ್ಸ್ಟ್ ಸ್ಟ್ರೌಸ್ ಇದೇ ಪ್ರಶ್ನೆಯನ್ನು ಗಣಿತದಿಂದ ಪರೀಕ್ಷಿಸಿದರು. ಹಿಗ್ಗುವ ವಿಶ್ವದಲ್ಲಿಯೇ ಒಂದು ನಕ್ಷತ್ರವನ್ನೂ ಅದರ ಸುತ್ತ ಬರಿದಾದ ಗೋಲಾಕಾರದ ಅವಕಾಶವನ್ನೂ ಕಲ್ಪಿಸಿದರೆ, ಆ ಗೋಲದೊಳಗೆ ಹೊರಗಿನ ಹಿಗ್ಗುವಿಕೆಯ ಪರಿಣಾಮವಿಲ್ಲವೆಂದು ತೋರಿಸಿದರು. 1998ರಲ್ಲಿ ಕೂಪರ್‌ಸ್ಟಾಕ್, ಫರವೋನಿ, ವೋಲಿಕ್ ಎಂಬವರು ಬೇರೊಂದು ಮಾರ್ಗದಿಂದ ಲೆಕ್ಕ ಹಾಕಿ, ಪರಿಣಾಮವಿದೆಯೆಂದು ಒಪ್ಪಿದರೂ ಭೂಮಿಯ ಕಕ್ಷೆಯಲ್ಲಿ ಅದು ಅಳತೆಗೇ ಸಿಗದಷ್ಟು ಅಲ್ಪವೆಂದು ಕಂಡರು. ಪ್ರತ್ಯಕ್ಷ ಪ್ರಮಾಣವೂ ಇದಕ್ಕೆ ಅನುಗುಣವಾಗಿದೆ. ಹಬಲನ ನಿಯಮ ಸೌರಮಂಡಲಕ್ಕೂ ಅನ್ವಯಿಸಿದ್ದರೆ ಭೂಮಿ-ಸೂರ್ಯರ ಅಂತರ ವರ್ಷಕ್ಕೆ ಸುಮಾರು 10 ಮೀಟರಿನಂತೆ ಬೆಳೆಯಬೇಕಿತ್ತು. 1976ರಲ್ಲಿ ಮಂಗಳನ ಮೇಲೆ ಇಳಿದ ವೈಕಿಂಗ್ ನೌಕೆಗಳ ರೇಡಿಯೋ ಸಂಕೇತಗಳಿಂದ ಗ್ರಹಗಳ ಅಂತರವನ್ನು ಕೆಲವೇ ಮೀಟರುಗಳ ನಿಖರತೆಯಿಂದ ಅಳೆಯಲಾಯಿತು. ಅಂಥ ಬೆಳವಣಿಗೆ ಇದ್ದಿದ್ದರೆ ಅದು ಅಡಗಿರಲು ಸಾಧ್ಯವಿರಲಿಲ್ಲ.

ಚಂದ್ರನ ಪ್ರಸಂಗದಲ್ಲಿ ಮೋಸಹೋಗುವುದು ಸುಲಭ. ಹಬಲನ ಪ್ರಮಾಣವನ್ನು ಚಂದ್ರನ ದೂರಕ್ಕೆ ಹಚ್ಚಿದರೆ ವರ್ಷಕ್ಕೆ ಸುಮಾರು 2.7 ಸೆಂಟಿಮೀಟರ್ ಬರುತ್ತದೆ, ಕಂಡದ್ದು 3.8. ಸಂಖ್ಯೆಗಳು ಹತ್ತಿರವಿವೆಯೆಂದು ಎರಡನ್ನೂ ಒಂದೇ ಖಾತೆಗೆ ಬರೆಯಬಹುದೆ? ಕೂಡದು. ಚಂದ್ರನ ಸೆಳೆತದಿಂದ ಸಮುದ್ರದಲ್ಲಿ ಉಬ್ಬರವಿಳಿತಗಳಾಗುತ್ತವೆ. ಅವುಗಳ ಘರ್ಷಣೆಯಿಂದ ಭೂಮಿಯ ಭ್ರಮಣ ನಿಧಾನವಾಗುತ್ತದೆ. ಭೂಮಿ ಕಳೆದುಕೊಂಡ ಭ್ರಮಣವನ್ನು ಪಡೆದು ಚಂದ್ರನು ದೂರ ಸರಿಯುತ್ತಾನೆ. ಒಬ್ಬರ ಖರ್ಚು ಇನ್ನೊಬ್ಬರ ಜಮೆ. ದಿನಮಾನವು ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡಿನಂತೆ ದೀರ್ಘವಾಗುತ್ತಿರುವುದು ಬ್ಯಾಬಿಲೋನ್, ಚೀನಗಳ ಪ್ರಾಚೀನ ಗ್ರಹಣದಾಖಲೆಗಳಿಂದ ಸಿದ್ಧವಾಗಿದೆ. ಬೆಳ್ವೊಲ, ಪಲಸಿಗೆ ನಾಡುಗಳ ಶಾಸನಗಳಲ್ಲಿಯೂ ಸೂರ್ಯಗ್ರಹಣದ ನಿಮಿತ್ತ ಕೊಟ್ಟ ದತ್ತಿಗಳ ಉಲ್ಲೇಖಗಳಿವೆ. ಕನ್ನಡ ಶಾಸನಗಳಲ್ಲಿಯ ಇಂಥ ಆಕಾಶವೃತ್ತಾಂತಗಳನ್ನು ಬೆಂಗಳೂರಿನ ಖಗೋಲಜ್ಞೆ ಬಿ. ಎಸ್. ಶೈಲಜಾ ಮೊದಲಾದವರು ಸಂಗ್ರಹಿಸಿ ಪರಿಶೀಲಿಸಿದ್ದಾರೆ.

ಗೆಲಾಕ್ಸಿಗಳಿಗೂ ನ್ಯಾಯ ಒಂದೇ. ಆಕಾಶಗಂಗೆಯ ನಕ್ಷತ್ರಗಳು ಪರಸ್ಪರ ಸೆಳೆತದಿಂದ ಬದ್ಧವಾಗಿವೆ. ಆದುದರಿಂದ ಅದು ಹಿಗ್ಗುವುದಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯಂತೂ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಿಂದ ಆಕಾಶಗಂಗೆಯ ಕಡೆಗೆ ಬರುತ್ತಿದೆ. ಅವೆರಡೂ ಕೂಡುವುದು ನಿಶ್ಚಿತವೆಂದು ಹಿಂದೆ ಹೇಳಲಾಗುತ್ತಿತ್ತು. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಅದರ ಸಂಭವ ಅರ್ಧದಷ್ಟು ಮಾತ್ರವೆಂದು 2025ರ ಗಣನೆಯೊಂದು ತಿಳಿಸುತ್ತದೆ. ಕನ್ಯಾರಾಶಿಯ ದಿಕ್ಕಿನಲ್ಲಿ ಐದು ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಗೆಲಾಕ್ಸಿಗಳ ಗುಚ್ಛವು ದೂರ ಸರಿಯುತ್ತಿದ್ದರೂ, ಪರಸ್ಪರ ಸೆಳೆತದಿಂದ ಅದರ ವೇಗ ಕೊಂಚ ತಗ್ಗಿದೆ. ಅದಕ್ಕೂ ಬಹುದೂರದಲ್ಲಿ ಹಿಗ್ಗುವಿಕೆಯದೇ ಪ್ರಭುತ್ವ. 1998ರಲ್ಲಿ ತಿಳಿದುಬಂದಂತೆ ಅದರ ಗತಿ ತೀವ್ರವಾಗುತ್ತಿದೆ. ಇದು ಹೀಗೆಯೇ ಮುಂದುವರಿದರೆ ಅತಿದೂರದ ಗೆಲಾಕ್ಸಿಗಳು ಕ್ರಮೇಣ ದೃಷ್ಟಿಗೆ ನಿಲುಕದಾಗುವುವು. ಬದ್ಧವಾದವು ಮಾತ್ರ ಜೊತೆಯಲ್ಲಿ ಉಳಿಯುವುವು.

ಈ ಇತಿಹಾಸದಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿ ಅಳತೆಯ ಶುದ್ಧಿಗೆ ಸಂಬಂಧಿಸಿದ್ದು. ಹಬಲನು 1929ರಲ್ಲಿ ಕೊಟ್ಟ ಪ್ರಮಾಣ 70 ಅಲ್ಲ, ಸುಮಾರು 500. ಅದರಂತೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವಾಗುತ್ತಿತ್ತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು! ತಾಯಿಗಿಂತ ಮಗಳು ಹಿರಿಯಳಾದಂತಾಯಿತು. ದೂರವನ್ನು ಅಳೆಯಲು ಬಳಸಿದ ಮಿಣುಕುವ ನಕ್ಷತ್ರಗಳಲ್ಲಿ ಎರಡು ಜಾತಿಗಳಿವೆಯೆಂದೂ ಅವು ಬೆರೆತಿದ್ದವೆಂದೂ ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದನು. ಗೆಲಾಕ್ಸಿಗಳ ದೂರ ಇಮ್ಮಡಿಯಾಯಿತು. 1958ರಲ್ಲಿ ಅಲನ್ ಸ್ಯಾಂಡೇಜ್ ಪ್ರಮಾಣವನ್ನು 75ಕ್ಕೆ ಇಳಿಸಿದನು. ಇಂದಿಗೂ ವಿವಾದ ತೀರಿಲ್ಲ: ಪ್ಲ್ಯಾಂಕ್ ಉಪಗ್ರಹದ ಗಣನೆ 67ರ ಸಮೀಪ, ನಕ್ಷತ್ರಗಳನ್ನು ಆಧರಿಸಿದ ಗಣನೆ 73ರ ಸಮೀಪ. ಇಬ್ಬರೂ ತಮ್ಮ ಅಳತೆಗೋಲನ್ನು ಬಹಿರಂಗವಾಗಿ ಮುಂದಿಟ್ಟು ಪರೀಕ್ಷಿಸಿರೆಂದು ಕರೆಯುತ್ತಿದ್ದಾರೆ.

ನಮ್ಮ ಶಾಸನಗಳಲ್ಲಿ ದತ್ತಿ ಭೂಮಿ ಇಷ್ಟು ಮತ್ತರೆಂದು ಹೇಳುವಾಗ ಯಾವ ಗಳೆಯಿಂದ ಅಳೆದರೆಂಬುದನ್ನೂ ಹೇಳುವ ರೂಢಿಯಿತ್ತು. ತೂಕ, ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂಗಡಿಯ ಗಜಕ್ಕೆ ಹೇಳಿದ ಈ ಮಾತು ಜ್ಞಾನದ ವ್ಯವಹಾರಕ್ಕೂ ಸಲ್ಲುತ್ತದೆ. ಚಂದ್ರನ 3.8 ಸೆಂಟಿಮೀಟರನ್ನು ವಿಶ್ವದ ಖಾತೆಗೆ ಬರೆದಿದ್ದರೆ ಲೆಕ್ಕ ಅಂದವಾಗಿ ಕಾಣುತ್ತಿತ್ತು. ಹಾಗೆ ಮಾಡದೆ ಪ್ರತಿ ಅಂಕವನ್ನೂ ಅದರ ಕಾರಣದ ಎದುರಿಗೇ ಬರೆದವರಿಂದ ಸತ್ಯ ತಿಳಿದುಬಂದಿತು.