ಸೀಸ ಮತ್ತು ಹೊಟ್ಟೆನೋವು

ಕಿತ್ತೂರು, ಬೈಲಹೊಂಗಲ ಕಡೆ ಸೀಸ ಅಂದ್ರೆ ಮೊದಲು ನೆನಪಾಗೋದು ಬಂದೂಕಿನ ಗುಂಡು. 1824ರ ಅಕ್ಟೋಬರ್ 23ರಂದು ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ ಕತೆ ನಮಗೆಲ್ಲ ಬಾಯಿಪಾಠ. ಆ ಕಾಲದ ಗುಂಡುಗಳು ಸೀಸದವು. ಆದರೆ ಇದೇ ಸೀಸ ಸದ್ದಿಲ್ಲದೆ ಮೈ ಸೇರಿ, ವರ್ಷಗಟ್ಟಲೆ ಹೊಟ್ಟೆ ಹಿಂಡಿದ ಚರಿತ್ರೆ ಇನ್ನೂ ಹಳೆಯದು.

ಆ ಗುಟ್ಟು ಬಿಡಿಸಿದ್ದು ಯುರೋಪಿನ ವೈದ್ಯರು. 1616ರಲ್ಲೇ ಫ್ರಾನ್ಸಿನ ಸಿತ್ವಾ ಎಂಬಾತ ಪ್ವಾತೂ ಪ್ರಾಂತ್ಯದ ವಿಚಿತ್ರ ಹೊಟ್ಟೆಶೂಲೆಯನ್ನು ವರ್ಣಿಸಿದ್ದ, ಕಾರಣ ಹೊಳೆದಿರಲಿಲ್ಲ. 1700ರಲ್ಲಿ ಇಟಲಿಯ ರಾಮಾಜಿನಿ, ರೋಗಿಯನ್ನು "ನಿನ್ನ ಕಸುಬೇನು?" ಅಂತಲೂ ಕೇಳಬೇಕು ಎಂದು ಬರೆದ. ಇಂಗ್ಲೆಂಡಿನ ಡೆವನ್ ಜಿಲ್ಲೆಯಲ್ಲಿ ಸೇಬಿನ ಮದ್ಯ ಕುಡಿದವರು ಹೊಟ್ಟೆನೋವಿನಿಂದ ನರಳುತ್ತಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಆ ಮದ್ಯವನ್ನು ಪರೀಕ್ಷಿಸಿ, ಸೇಬು ಅರೆಯುವ ಗಾಣದಲ್ಲಿ ಬಳಸಿದ ಸೀಸವೇ ಕಾರಣ ಎಂದ. ಅವನೂ ಡೆವನ್ನಿನವನೇ. ಆದರೂ ಊರವರು ಅವನ ಮೇಲೇ ತಿರುಗಿಬಿದ್ದರು!

ನೋವು ಬರೋದು ಹೇಗೆ? ರಕ್ತದ ಕೆಂಪು ಅಂಶ ತಯಾರಾಗೋದನ್ನು ಸೀಸ ತಡೆಯುತ್ತೆ, ಕರುಳಿನ ನರಗಳನ್ನೂ ಕೆಡಿಸುತ್ತೆ. ಹೊಟ್ಟೆ ಬಿಟ್ಟೂ ಬಿಟ್ಟೂ ಹಿಂಡುತ್ತೆ, ಮಲಬದ್ಧತೆ ಜೊತೆಗಿರುತ್ತೆ, ರಕ್ತ ಕಮ್ಮಿಯಾಗುತ್ತೆ. ಇದನ್ನು ಅಪೆಂಡಿಸೈಟಿಸ್ ಅಂದುಕೊಂಡು ಸುಮ್ಮನೆ ಹೊಟ್ಟೆ ಕೊಯ್ದ ಉದಾಹರಣೆಗಳಿವೆ. ಸ್ಕ್ಯಾನಿಂಗಿನಲ್ಲಿ ಏನೂ ಸಿಗದಿರಬಹುದು. ಖಚಿತವಾಗೋದು ರಕ್ತದಲ್ಲಿರುವ ಸೀಸ ಅಳೆದಾಗ.

ನಮ್ಮ ಬೇಕರ್ ಅಂದ್ರೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ಸೀಸದ ವಿಷಬಾಧೆಗೆಂದೇ ಅಲ್ಲಿ ರಾಷ್ಟ್ರೀಯ ಕೇಂದ್ರ ಕಟ್ಟಿದರು. ಜಾರ್ಜ್ ಫೌಂಡೇಶನ್ ಜೊತೆ ನಡೆದ ಸಮೀಕ್ಷೆಯಲ್ಲಿ, ದೇಶದ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂತು.

ಅಲ್ಲಿಗೆ ಕತೆ ಮುಗೀಲಿಲ್ಲ. ಸವದತ್ತಿಯಾಗಲಿ, ರಾಮದುರ್ಗವಾಗಲಿ, ಹಳೇ ಬ್ಯಾಟರಿ ಬಿಚ್ಚುವವರು, ಬಣ್ಣ ಕೆರೆಯುವವರು ಎಲ್ಲ ಊರಲ್ಲೂ ಇದ್ದಾರೆ. ತವರ ತುಟ್ಟಿ ಅಂತ ಸೀಸ ಬೆರೆಸಿದ ಕಲಾಯಿ, ಹಳದಿ ಎದ್ದು ಕಾಣಲೆಂದು ಲೆಡ್ ಕ್ರೋಮೇಟ್ ಬೆರೆಸಿದ ಅರಿಶಿಣ, ಕೆಲವು ಭಸ್ಮದ ಔಷಧಿ.. ದಾರಿ ಹಲವು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಸೀಸ ಬರೋ ದಾರಿ ಮುಚ್ಚದೆ ಮಾತ್ರೆ ನುಂಗಿದರೆ ನೋವು ಮತ್ತೆ ಬಂದೇ ಬರುತ್ತೆ. ಆದ್ದರಿಂದ ಕಾರಣ ತಿಳಿಯದ ಹೊಟ್ಟೆನೋವು ಪದೇ ಪದೇ ಬಂದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಏನು ಕೆಲಸ ಮಾಡ್ತೀರಿ, ಯಾವ ಪಾತ್ರೆಯಲ್ಲಿ ಉಣ್ತೀರಿ, ಯಾವ ಔಷಧಿ ತಗೋತೀರಿ. ರಾಮಾಜಿನಿಯ ಪ್ರಶ್ನೆಗೆ ಇನ್ನೂ ವಯಸ್ಸಾಗಿಲ್ಲ.