ಬಂದಳಾ, ಬರ್ತಾಳಾ? (ಭಾಗ 4)

ಕಾದಂಬರಿ ಬರೆಯೋಕೆ ಕೂತು ‘ಬಂದಳು’ ಅನ್ಬೇಕಾ, ‘ಬರುತ್ತಾಳೆ’ ಅನ್ಬೇಕಾ ಅಂತ ತಲೆ ಕೆಡಿಸ್ಕೊಂಡಿದ್ದೀರಾ? ಇದು ಹಳೇ ತಲೆನೋವು.

ಚಾರ್ಲ್ಸ್ ಡಿಕನ್ಸ್ 1852-53ರಲ್ಲಿ ತಿಂಗಳ ಕಂತುಗಳಲ್ಲಿ ಪ್ರಕಟಿಸಿದ ‘ಬ್ಲೀಕ್ ಹೌಸ್’ನಲ್ಲಿ ಎರಡೂ ಇವೆ. ಮುಗಿಯದೇ ಎಳೆಯೋ ಕೋರ್ಟ್ ಕೇಸು, ಅದರ ಸುತ್ತಲಿನ ಲಂಡನ್ನು: ಇದನ್ನ ಹೆಸರಿಲ್ಲದ ಒಂದು ದನಿ ವರ್ತಮಾನಕಾಲದಲ್ಲಿ ಹೇಳುತ್ತೆ. ಎಸ್ತರ್ ಮಾತ್ರ ತನ್ನ ಕಥೆಯನ್ನ ಭೂತಕಾಲದಲ್ಲಿ ಹೇಳ್ತಾಳೆ. ಎಲ್ಲಾ ಮುಗಿದು ಏಳು ವರ್ಷ ಆದಮೇಲೆ ಅವಳು ತಿರುಗಿ ನೋಡ್ತಿದ್ದಾಳೆ.

ಹಿಲರಿ ಮ್ಯಾಂಟೆಲ್ 16ನೇ ಶತಮಾನದ ಥಾಮಸ್ ಕ್ರಾಮ್‌ವೆಲ್‌ನ ಕಥೆ ‘ವುಲ್ಫ್ ಹಾಲ್’ ಅನ್ನು ವರ್ತಮಾನಕಾಲದಲ್ಲೇ ಬರೆದರು. 2009ರ ಬುಕರ್ ಅದಕ್ಕೇ ಬಂತು. 1540ರಲ್ಲಿ ಅವನ ತಲೆ ಕಡೀತಾರೆ ಅಂತ ನಮಗೆ ಗೊತ್ತು. ಅವನಿಗೆ ಗೊತ್ತಿಲ್ಲ!

ನಮ್ಮ ಬಿಕಾಂ ಭಾಷೇಲಿ, ಭೂತಕಾಲ ಅಂದ್ರೆ ವರ್ಷ ಮುಗಿದಮೇಲಿನ ಬ್ಯಾಲೆನ್ಸ್ ಶೀಟ್. ವರ್ತಮಾನ ಅಂದ್ರೆ ಇವತ್ತಿನ ಕ್ಯಾಶ್ ಬುಕ್, ಸಂಜೆ ಎಷ್ಟು ಉಳಿಯುತ್ತೋ ಗೊತ್ತಿಲ್ಲ.

ನಾನು ನಮ್ಮಜ್ಜಿ ಕಥೆ ಬರೀತಿದ್ದೀನಿ. ‘ಅಜ್ಜಿ ಕಾಫಿ ಸೋಸುತ್ತಾಳೆ’ ಅಂತ ಬರೆದಾಗ ಅವಳು ಅಡುಗೆಮನೆಯಲ್ಲೇ ಇದ್ದಾಳೆ. ‘ಸೋಸಿದಳು’ ಅಂದ ತಕ್ಷಣ ಇಲ್ಲ. ಎರಡು ತಿಂಗಳಿಂದ ಆ ಒಂದು ಸಾಲು ತಿದ್ದುತ್ತಾ ಇದ್ದೀನಿ.

ನೀವೂ ಬರೆಯೋ ಮುಂಚೆ ಇದೊಂದು ಕೇಳ್ಕೊಳ್ಳಿ: ಕಥೆ ಹೇಳೋರಿಗೆ ಕೊನೆ ಗೊತ್ತಾ?